ನಿಮಗಿದು ಗೊತ್ತೆ? ಕಟ್ಟಡಕ್ಕೆ ವೇಳಾಪಟ್ಟಿ ಕೊಟ್ಟದ್ದು ರಾಸಾಯನಿಕ ಕಂಪನಿ!

ಕಟ್ಟಡ ಕಾಮಗಾರಿಗಳ ವೇಳಾಪಟ್ಟಿ ಹಾಕಲು ಇಂದು ಬಳಸುವ ‘ಕ್ರಿಟಿಕಲ್ ಪಾತ್’ ವಿಧಾನ (ಸಿಪಿಎಂ) ಹುಟ್ಟಿದ್ದು ರಾಸಾಯನಿಕ ಉದ್ಯಮದಲ್ಲಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲಿ ಇದನ್ನು ಯುನಿವ್ಯಾಕ್ ಕಂಪ್ಯೂಟರ್‌ಗಾಗಿ ರೂಪಿಸಿದರು.

ಅದಕ್ಕೂ ಮೊದಲು ಬಳಕೆಯಲ್ಲಿದ್ದ ಗ್ಯಾಂಟ್ ಪಟ್ಟಿಯಲ್ಲಿ ಕೆಲಸಗಳ ಆರಂಭ, ಅಂತ್ಯ ಕಾಣುತ್ತಿದ್ದವು. ಒಂದು ತಡವಾದರೆ ಇನ್ಯಾವುದಕ್ಕೆ ಪೆಟ್ಟು ಎಂಬುದು ಸುಲಭವಾಗಿ ತಿಳಿಯುತ್ತಿರಲಿಲ್ಲ. ಸಿಪಿಎಂ ತೋರಿಸಿಕೊಟ್ಟದ್ದು ಅದನ್ನೇ. ಪಾಯ, ಕಂಬ, ತಾರಸಿ, ಸೆಂಟ್ರಿಂಗ್ ಬಿಚ್ಚುವುದು, ಗಾರೆ ಇವು ಒಂದರ ಹಿಂದೆ ಒಂದು ನಡೆಯಲೇಬೇಕು; ಈ ಸಾಲೇ ‘ಕ್ರಿಟಿಕಲ್ ಪಾತ್’. ತಾರಸಿ ಒಂದು ದಿನ ತಡವಾದರೆ ಗೃಹಪ್ರವೇಶವೂ ಒಂದು ದಿನ ಮುಂದಕ್ಕೆ. ಬಡಗಿ ಮಾಡುವ ಬಾಗಿಲಿನ ಕದ ಮಾತ್ರ ಕೆಲ ದಿನ ತಡವಾದರೂ ನಡೆಯುತ್ತದೆ. ಈ ಬಿಡುವಿಗೆ ‘ಫ್ಲೋಟ್’ ಎಂದು ಹೆಸರು.

ಕಂಪ್ಯೂಟರ್ ದುಬಾರಿಯಾಗಿದ್ದ ಆ ಕಾಲದಲ್ಲಿ ಸಣ್ಣ ಗುತ್ತಿಗೆದಾರರಿಗೆ ಇದು ಎಟುಕುವಂತಿರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಫಾಂಡಾಲ್ 1961ರಲ್ಲಿ ಇದೇ ಲೆಕ್ಕವನ್ನು ಕಾಗದ, ಪೆನ್ಸಿಲ್‌ನಲ್ಲೇ ಮಾಡುವ ದಾರಿ ತೋರಿಸಿದರು. ನಿರ್ಮಾಣ ಉದ್ಯಮದ ಮಟ್ಟಿಗೆ ಮೂಲ ಆವಿಷ್ಕಾರದಷ್ಟೇ ದೊಡ್ಡ ಕೊಡುಗೆ ಇದು. ಕೆಲಸವನ್ನು ಮೊದಲಿನ ಸಿಪಿಎಂ ನಕ್ಷೆಯಂತೆ ಬಾಣದ ಮೇಲಲ್ಲ, ವೃತ್ತದಲ್ಲಿ ಬರೆದು ಗೆರೆಯಿಂದ ಜೋಡಿಸುವುದು ಅವರ ಕ್ರಮ. ಪ್ರೈಮವೆರಾದಂಥ ಈಗಿನ ವೇಳಾಪಟ್ಟಿ ತಂತ್ರಾಂಶಗಳು ಅನುಸರಿಸುವುದೂ ಈ ಬಗೆಯ ಜೋಡಣೆಯನ್ನೇ.