ಪದಗ್ರಹಣದ ಪೆಂಡಾಲು, ಅಡವಿನ ಚಿನ್ನ

ಒಬ್ಬ ವ್ಯಕ್ತಿ ಮಂತ್ರಿಯಾಗಬೇಕಾದರೆ ನಮ್ಮ ಸಂವಿಧಾನ ಕೇಳುವುದು ಬಹಳ ಕಡಿಮೆ. 164ನೇ ವಿಧಿಯ ಪ್ರಕಾರ, ಅಧಿಕಾರ ವಹಿಸಿಕೊಳ್ಳುವ ಮುನ್ನ ಆತ ರಾಜ್ಯಪಾಲರ ಮುಂದೆ ಮೂರನೇ ಅನುಸೂಚಿಯಲ್ಲಿರುವ ನಮೂನೆಯಂತೆ ಎರಡು ಪ್ರಮಾಣಗಳನ್ನು ಸ್ವೀಕರಿಸಬೇಕು. ಒಂದು ಅಧಿಕಾರದ್ದು, ಮತ್ತೊಂದು ಗೋಪ್ಯತೆಯದ್ದು. ಎರಡನ್ನೂ ಓದಿ ಮುಗಿಸಲು ಎರಡು ನಿಮಿಷ ಸಾಕು. ಪೆಂಡಾಲಿನ ಬಗ್ಗೆ, ಕೆಂಪು ಹಾಸಿನ ಬಗ್ಗೆ, ಬಾಡಿಗೆ ಬಸ್ಸುಗಳ ಬಗ್ಗೆ, ಗುಲಾಬಿ ಹಾರವನ್ನೆತ್ತುವ ಕ್ರೇನಿನ ಬಗ್ಗೆ ಸಂವಿಧಾನ ರಚಿಸಿದವರು ಏನನ್ನೂ ಹೇಳಿಲ್ಲ. ಇವೆಲ್ಲ ನಾವು ನಂತರ ಸೇರಿಸಿಕೊಂಡವು.

2018ರ ಮೇ 23ರಂದು ವಿಧಾನಸೌಧದ ಮುಂದೆ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ದೇಶದ ವಿರೋಧ ಪಕ್ಷಗಳ ನಾಯಕರೆಲ್ಲ ಒಂದೇ ವೇದಿಕೆಯಲ್ಲಿ ಕೈ ಕೈ ಹಿಡಿದು ಮೇಲೆತ್ತಿದ ಆ ಚಿತ್ರ ಮರುದಿನ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿತ್ತು. ಕೆಲವು ತಿಂಗಳ ನಂತರ ಮಾಹಿತಿ ಹಕ್ಕಿನಡಿ ಬಯಲಾದ ಬಿಲ್ಲುಗಳಿಗೆ ಅಷ್ಟು ದೊಡ್ಡ ಜಾಗ ಸಿಗಲಿಲ್ಲ. ಗಣ್ಯರ ಆತಿಥ್ಯಕ್ಕೆ ಸರ್ಕಾರದ ಬೊಕ್ಕಸದಿಂದ ಸುಮಾರು 42 ಲಕ್ಷ ರೂಪಾಯಿ ವೆಚ್ಚವಾಗಿತ್ತು. ಆಂಧ್ರಪ್ರದೇಶದ ಅಂದಿನ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಒಬ್ಬರ ಲೆಕ್ಕದಲ್ಲೇ 8.72 ಲಕ್ಷ ರೂಪಾಯಿ ಬಿದ್ದಿದ್ದಾಗಿ ವರದಿಯಾಯಿತು. ವಿಚಿತ್ರವೆಂದರೆ, ಅದೇ ಸರ್ಕಾರ ಪ್ರಮಾಣವಚನವಾಗಿ ಹೆಚ್ಚು ದಿನ ಕಳೆಯುವ ಮೊದಲೇ ಹೊಸ ಕಾರು ಖರೀದಿ ಬೇಡ, ಕಚೇರಿಗಳ ಅನಗತ್ಯ ನವೀಕರಣ ಬೇಡ ಎಂದು ಅಧಿಕಾರಿಗಳಿಗೆ ಮಿತವ್ಯಯದ ಪಾಠ ಹೇಳಿತು. ರೈತರ ಸಾಲ ಮನ್ನಾಕ್ಕೆ ದುಡ್ಡು ಹೊಂದಿಸಬೇಕಿತ್ತಲ್ಲ.

ಮೂರು ಲಕ್ಷ ಕೋಟಿಯನ್ನು ದಾಟಿದ ಬಜೆಟ್ ಇರುವ ರಾಜ್ಯದಲ್ಲಿ 42 ಲಕ್ಷ ಯಾವ ಲೆಕ್ಕ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅಂಕಿಯನ್ನಷ್ಟೇ ನೋಡಿದರೆ ಇದು ಸಾಗರದಲ್ಲಿ ಒಂದು ಬೊಗಸೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಸರ್ಕಾರಕ್ಕೆ ಹೇಳಿ ಪ್ರಯೋಜನವಿಲ್ಲ. ಅದರ ಹಾಸಿಗೆ ಎಷ್ಟು ಉದ್ದವಿದೆಯೆಂದರೆ ಯಾರ ಕಾಲೂ ಹೊರಗೆ ಬರುವುದಿಲ್ಲ. ಹಾಗಾಗಿ ಈ ವಿಷಯವನ್ನು ವಿಧಾನಸೌಧದ ಮೆಟ್ಟಿಲ ಮೇಲೆ ನಿಂತು ನೋಡುವುದನ್ನು ಬಿಟ್ಟು ನ್ಯಾಮತಿಯಂಥ ಊರಿನಲ್ಲಿ ನಿಂತು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ನ್ಯಾಮತಿ ಬಹುಕಾಲ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರವಾಗಿತ್ತು. 1997ರವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಆ ವರ್ಷ, ಪಕ್ಕದ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ದಾವಣಗೆರೆ ಜಿಲ್ಲೆ ಹುಟ್ಟಿ ಊರು ಅತ್ತ ಸೇರಿತು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದಾಯಿತು. ಮೆಕ್ಕೆಜೋಳ, ಅಡಿಕೆ, ಅಲ್ಲಲ್ಲಿ ಭತ್ತ. ಮಳೆ ಬಂದರೆ ಬದುಕು, ಬಾರದಿದ್ದರೆ ಅಡವು. ಈ ಕೊನೆಯ ಮಾತಿನ ಅರ್ಥ ಏನೆಂಬುದು ಹೊರಗಿನವರಿಗೆ ತಿಳಿದದ್ದು ಒಂದು ಕಳ್ಳತನದಿಂದ.

2024ರ ಅಕ್ಟೋಬರ್ 28ರ ಸೋಮವಾರ ಬೆಳಿಗ್ಗೆ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಗೆ ಕನ್ನ ಬಿದ್ದಿರುವುದು ಪತ್ತೆಯಾಯಿತು. ಹೋಗಿದ್ದು ಸುಮಾರು 17 ಕಿಲೋ 700 ಗ್ರಾಂ ಚಿನ್ನ. ಅದರ ಬೆಲೆ ಸುಮಾರು 13 ಕೋಟಿ ರೂಪಾಯಿ ಎಂದು ಪೊಲೀಸರು ಅಂದಾಜು ಮಾಡಿದರು. ಐದು ತಿಂಗಳ ನಂತರ, 2025ರ ಮಾರ್ಚಿನಲ್ಲಿ, ಪೊಲೀಸರು ಅದರ ಬಹುಪಾಲನ್ನು ತಮಿಳುನಾಡಿನ ಮದುರೆ ಜಿಲ್ಲೆಯ ಒಂದು ಬಾವಿಯೊಳಗಿಂದ ಮೇಲೆತ್ತಿದಾಗ ನಾಡಿನ ಕಣ್ಣೆಲ್ಲ ತನಿಖೆಯ ಚಾಕಚಕ್ಯದ ಮೇಲಿತ್ತು. ಸಿನಿಮಾ ಕಥೆಯಂತಿದ್ದ ಪ್ರಕರಣ ಅದು, ತಪ್ಪಿಲ್ಲ. ನನ್ನನ್ನು ಕಾಡಿದ್ದು ಬೇರೆ ಸಂಗತಿ. ಆ ಚಿನ್ನ ಯಾವುದೋ ಆಭರಣದಂಗಡಿಯ ದಾಸ್ತಾನಾಗಿರಲಿಲ್ಲ. ಅವು ಅಡವಿಟ್ಟ ಸರಗಳು, ಬಳೆಗಳು, ಓಲೆಗಳು. ಒಂದು ಸಣ್ಣ ಊರಿನ, ಸುತ್ತಣ ಹಳ್ಳಿಗಳ ನೂರಾರು ಮನೆಗಳ ಹೆಣ್ಣುಮಕ್ಕಳ ಕೊರಳಿನಿಂದ ಇಳಿದು ಬಂದು ಬೀಜಕ್ಕೆ, ಗೊಬ್ಬರಕ್ಕೆ, ಕೊಳವೆಬಾವಿಗೆ, ಆಸ್ಪತ್ರೆಗೆ, ಕಾಲೇಜು ಶುಲ್ಕಕ್ಕೆ ದುಡ್ಡಾದ ಒಡವೆಗಳು. ಹದಿನೇಳು ಕಿಲೋ ಚಿನ್ನ ಒಂದೇ ಶಾಖೆಯ ತಿಜೋರಿಯಲ್ಲಿ ಕೂತಿತ್ತೆಂದರೆ ಅದನ್ನು ಊರಿನ ಸಿರಿತನ ಎಂದು ಓದಬೇಕೋ, ಕಷ್ಟದ ಲೆಕ್ಕಪತ್ರ ಎಂದು ಓದಬೇಕೋ?

ಕಳುವಿಗೆ ಹಿಂದಿನ ವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ರಾಜ್ಯ ಸರ್ಕಾರ ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು. ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ, 2024ರ ಏಪ್ರಿಲ್ ಕೊನೆಯ ವಾರ, ಸಿಕ್ಕಿದ್ದು 3,454 ಕೋಟಿ. ಈ ನಡುವೆ ರಾಜ್ಯ ಸರ್ಕಾರ ತನ್ನ ಕಡೆಯಿಂದ ಮೊದಲ ಕಂತಾಗಿ ಪ್ರತಿ ರೈತನಿಗೆ ಗರಿಷ್ಠ ಎರಡು ಸಾವಿರ ರೂಪಾಯಿ ಕೊಡುವುದಾಗಿ 2023ರ ನವೆಂಬರ್ ಕೊನೆಯಲ್ಲಿ ಪ್ರಕಟಿಸಿತು. ಎರಡು ಸಾವಿರ. ಆ ಮೊತ್ತವನ್ನು ಅಳತೆಗೋಲಾಗಿ ಹಿಡಿದು ನೋಡಿದರೆ 2018ರ 42 ಲಕ್ಷ ಎರಡು ಸಾವಿರದ ನೂರು ರೈತರ ಮೊದಲ ಕಂತು. ಸಾಗರದ ಬೊಗಸೆ ಎಂದು ಮೇಲೆ ನಾನೇ ಹೇಳಿದ ನೀರು ಒಂದು ಹೋಬಳಿಯ ಹಲವು ಹಳ್ಳಿಗಳ ಬಾಯಾರಿಕೆಗೆ ಸಾಕಾಗುತ್ತದೆ.

ಚಿನ್ನದ ಮಾತು ಬಂದಾಗ ಇನ್ನೊಂದು ಚಿನ್ನವನ್ನು ನೆನೆಯದೆ ಇರಲಾಗದು. 2017ರ ಅಕ್ಟೋಬರಿನಲ್ಲಿ ವಿಧಾನಸೌಧಕ್ಕೆ ಅರವತ್ತು ತುಂಬಿದ ವಜ್ರಮಹೋತ್ಸವ. ಅದಕ್ಕೆ ವಿಧಾನಮಂಡಲದ ಸಚಿವಾಲಯ ಸಿದ್ಧಪಡಿಸಿದ ಪ್ರಸ್ತಾವದ ಮೊತ್ತ 26.87 ಕೋಟಿ ರೂಪಾಯಿ. ಶಾಸಕರಿಗೆಲ್ಲ ಚಿನ್ನದ ಬಿಸ್ಕತ್ತು, ಸಿಬ್ಬಂದಿಗೆ ಬೆಳ್ಳಿ ತಟ್ಟೆ ಕಾಣಿಕೆಯಾಗಿ ನೀಡುವ ಆಲೋಚನೆಯೂ ಅದರಲ್ಲಿ ಸೇರಿತ್ತು. ಸತತ ಬರಗಳಿಂದ ರಾಜ್ಯ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಕಾಲ ಅದು. ಜನ ಸಿಡಿದರು, ಪತ್ರಿಕೆಗಳು ಬರೆದವು. ಮುಖ್ಯಮಂತ್ರಿ ಸಿದ್ದರಾಮಯ್ಯ ಚಿನ್ನ ಬೆಳ್ಳಿಗೆ ಒಪ್ಪದೆ ವೆಚ್ಚವನ್ನು ಹತ್ತು ಕೋಟಿಗೆ ಇಳಿಸಿದರು. ಎರಡು ದಿನದ ಉತ್ಸವ ಒಂದು ದಿನಕ್ಕೆ ಇಳಿಯಿತು. ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಜಂಟಿ ಅಧಿವೇಶನವನ್ನು ಉದ್ದೇಶಿಸಿ ಮಾತನಾಡಿ ಹೋದರು. ಬಿಸ್ಕತ್ತಿಲ್ಲದ್ದರಿಂದ ಕಾರ್ಯಕ್ರಮದ ಘನತೆಗೆ ಕುಂದೇನೂ ಬರಲಿಲ್ಲ. ಆ 26.87 ಕೋಟಿ, ನ್ಯಾಮತಿಯ ಬ್ಯಾಂಕಿನಿಂದ ಹೋದ ಅಡವಿನ ಚಿನ್ನದ ಅಂದಾಜು ಬೆಲೆಯ ಎರಡು ಪಟ್ಟಿಗೂ ಹೆಚ್ಚು. ಎರಡರ ನಡುವೆ ಏಳು ವರ್ಷದಲ್ಲಿ ಚಿನ್ನದ ಧಾರಣೆ ಏರಿದ್ದನ್ನು ಲೆಕ್ಕಕ್ಕೆ ಹಿಡಿದರೆ ಅಂತರ ಇನ್ನೂ ದೊಡ್ಡದು. ಈ ಪ್ರಸ್ತಾವ ಬರೆದವರಾರೂ ದುಷ್ಟರಲ್ಲ. ಕಡತದ ಮೇಲೆ ಟಿಪ್ಪಣಿ ಬರೆಯುವಾಗ ಅವರ ಕಣ್ಣ ಮುಂದೆ ಅಡವಿನ ಚೀಟಿ ಹಿಡಿದು ನಿಂತ ಒಬ್ಬ ಹೆಂಗಸೂ ಇರಲಿಲ್ಲ, ಅಷ್ಟೆ.

ಇಲ್ಲೊಂದು ಆಕ್ಷೇಪ ಬರುವುದು ಸಹಜ. ಆ ವಿಧಾನಸೌಧವೇ ಆಡಂಬರದ ಕೂಸಲ್ಲವೆ? 1951ರ ಜುಲೈ 13ರಂದು ನೆಹರೂ ಶಂಕುಸ್ಥಾಪನೆ ಮಾಡಿದ ಸಾಧಾರಣ ಯೋಜನೆಯನ್ನು ಕೆಂಗಲ್ ಹನುಮಂತಯ್ಯನವರು ಬದಲಿಸಿ ಹಿಗ್ಗಿಸಿದರು. ದುಂದುವೆಚ್ಚವೆಂಬ ಟೀಕೆ ಕೇಳಿದರು, 1956ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ಅಧಿಕಾರವನ್ನೂ ಕಳೆದುಕೊಂಡರು. ಇಂದು ಯಾರೂ ಅವರನ್ನು ದೂರುವುದಿಲ್ಲ. ನಿಜ. ಆದರೆ ಕಲ್ಲಿನ ಕಟ್ಟಡ ಎಪ್ಪತ್ತು ವರ್ಷ ನಿಂತಿದೆ; ಸಚಿವಾಲಯ ನಡೆಸಿದೆ, ಶಾಸನಸಭೆಗೆ ಮನೆಯಾಗಿದೆ. ಪ್ರಮಾಣವಚನದ ಪೆಂಡಾಲು ಮರುದಿನ ಬೆಳಿಗ್ಗೆ ಲಾರಿ ಏರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಹಾಗೆಂದು ಉದ್ಘಾಟನೆಗಳೆಲ್ಲ ಈ ವಾದದಿಂದ ಪಾರಾಗುತ್ತವೆ ಎಂದೂ ಅಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧವನ್ನು ರಾಷ್ಟ್ರಪತಿ ಪ್ರಣವ್ ಮುಖರ್ಜಿ 2012ರ ಅಕ್ಟೋಬರ್ 11ರಂದು ಉದ್ಘಾಟಿಸಿದಾಗ ರಾಜ್ಯದ ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವಾಗಿದ್ದವು. ಅದು ವರ್ಷದ ಬಹುಭಾಗ ಬಾಗಿಲು ಹಾಕಿಕೊಂಡೇ ಇರುವುದನ್ನು ಕಂಡವರು ಅಂದಿನ ಸಂಭ್ರಮಕ್ಕೆ ಏನು ಅರ್ಥ ಹಚ್ಚಬೇಕೋ ತಿಳಿಯದು.

ಪಕ್ಷದ ದುಡ್ಡಿನಲ್ಲಿ ಮಾಡಿದರೆ ಕೇಳುವುದಕ್ಕೆ ನೀವಾರು ಎಂಬುದು ಮತ್ತೊಂದು ಸಮರ್ಥನೆ. 2022ರ ಆಗಸ್ಟ್ 3ರಂದು ನಮ್ಮ ಜಿಲ್ಲಾ ಕೇಂದ್ರವಾದ ದಾವಣಗೆರೆಯಲ್ಲೇ ಸಿದ್ದರಾಮಯ್ಯನವರ 75ನೇ ಜನ್ಮದಿನದ ಅಮೃತ ಮಹೋತ್ಸವ ನಡೆಯಿತು. ಲಕ್ಷಾಂತರ ಜನ ಸೇರಿದರು. ಹೆದ್ದಾರಿ ಗಂಟೆಗಟ್ಟಲೆ ನಿಂತುಹೋಯಿತು. ಮಳೆಹಾನಿಯ ಕಾಲದಲ್ಲಿ ಉತ್ಸವವೇ ಎಂದು ಆಳುವ ಪಕ್ಷವಾಗಿದ್ದ ಬಿಜೆಪಿ ಛೇಡಿಸಿತು. ಒಂದು ತಿಂಗಳು ಕಳೆದು, ಬೆಂಗಳೂರಿನ ಬಡಾವಣೆಗಳು ನೀರಿನಲ್ಲಿ ಮುಳುಗಿದ್ದ ಅದೇ ವಾರ, ಸೆಪ್ಟೆಂಬರ್ 10ರಂದು, ಅದೇ ಬಿಜೆಪಿ ದೊಡ್ಡಬಳ್ಳಾಪುರದಲ್ಲಿ ತನ್ನ ಸಾಧನೆಯ ಸಮಾವೇಶ ನಡೆಸಿತು. ಈಗ ಛೇಡಿಸುವ ಸರದಿ ಕಾಂಗ್ರೆಸ್ಸಿನದು. ನಮ್ಮಲ್ಲಿ ಆಡಂಬರದ ವಿರೋಧ ಎನ್ನುವುದು ವಿರೋಧ ಪಕ್ಷದ ಕುರ್ಚಿಯೊಂದಿಗೆ ಬರುವ ಸೌಲಭ್ಯ. ಕುರ್ಚಿ ಬದಲಾದ ದಿನ ಅದನ್ನು ಮುಂದಿನವರಿಗೆ ವಹಿಸಿಕೊಡಲಾಗುತ್ತದೆ. ಪಕ್ಷದ ದುಡ್ಡು ಎನ್ನುವ ಮಾತಿನ ಮಟ್ಟಿಗೆ ನನಗಿರುವ ತಕರಾರು ಸಣ್ಣದು. ಸಮಾವೇಶಕ್ಕೆ ಬಾಡಿಗೆ ಕೊಟ್ಟೇ ಬಸ್ಸು ಪಡೆದಿರಬಹುದು. ಆದರೆ ಆ ದಿನ ಹಳ್ಳಿಯ ನಿಲ್ದಾಣದಲ್ಲಿ ಚೀಲ ಹೊತ್ತು ಕಾದು ಮನೆಗೆ ಮರಳುವ ಕಾಲೇಜು ಹುಡುಗಿಯರಿಗೆ ಯಾರೂ ಬಾಡಿಗೆ ಕೊಡುವುದಿಲ್ಲ. ಇದನ್ನು ನಾನು ಒಮ್ಮೆಯಲ್ಲ, ಹಲವು ಬಾರಿ ನೋಡಿದ್ದೇನೆ.

ಸಂಭ್ರಮವೇ ಬೇಡ ಎನ್ನುವ ಒಣ ನಿಲುವು ನನ್ನದಲ್ಲ. ರಾಜಭವನದ ಗಾಜಿನ ಮನೆಯಲ್ಲಿ ನೂರಿನ್ನೂರು ಜನರ ಮುಂದೆ ನಡೆಯುವ ಪ್ರಮಾಣವಚನಕ್ಕಿಂತ ಬಯಲಿನಲ್ಲಿ, ಮತ ಹಾಕಿದವರ ಕಣ್ಣೆದುರು ನಡೆಯುವ ಪ್ರಮಾಣವಚನ ಪ್ರಜಾಪ್ರಭುತ್ವಕ್ಕೆ ಹೆಚ್ಚು ಹತ್ತಿರ. 2013ರಲ್ಲಿಯೂ 2023ರ ಮೇ 20ರಂದೂ ಕಂಠೀರವ ಕ್ರೀಡಾಂಗಣ ತುಂಬಿ ತುಳುಕಿದಾಗ ಅಲ್ಲಿದ್ದ ಸಾಮಾನ್ಯ ಜನರ ಹಿಗ್ಗು ಕೃತಕವಾಗಿರಲಿಲ್ಲ. 2023ರಲ್ಲಿ ಅದೇ ದಿನ ಸಚಿವ ಸಂಪುಟ ಸಭೆ ಸೇರಿ ಐದು ಗ್ಯಾರಂಟಿಗಳಿಗೆ ತಾತ್ವಿಕ ಒಪ್ಪಿಗೆ ನೀಡಿತು ಎಂಬುದನ್ನೂ ಹೇಳಬೇಕು. ಹೂವು ಮಾರುವವರು, ಶಾಮಿಯಾನದವರು, ಅಡುಗೆಯವರು ಇಂಥ ದಿನಗಳಲ್ಲಿ ನಾಲ್ಕು ಕಾಸು ಕಾಣುತ್ತಾರೆ ಎಂಬ ವಾದದಲ್ಲಿಯೂ ಹುರುಳಿದೆ. ಅದನ್ನು ತೀರಾ ಎಳೆಯಬಾರದಷ್ಟೆ. ಪಂಜಾಬಿನ ಖಟ್ಕರ್ ಕಲಾಂನಲ್ಲಿ 2022ರ ಮಾರ್ಚ್ 16ರಂದು ಭಗವಂತ ಮಾನ್ ಅವರ ಪ್ರಮಾಣವಚನಕ್ಕೆ ಬರುವ ವಾಹನಗಳಿಗೆ ಜಾಗ ಮಾಡಲು ಹತ್ತಾರು ಎಕರೆಯ ಹಸಿರು ಗೋಧಿ ಪೈರನ್ನು ಅವಧಿಗೆ ಮುನ್ನವೇ ಕೊಯ್ಯಲಾಯಿತು. ರೈತರಿಗೆ ಪರಿಹಾರವೇನೋ ಸಿಕ್ಕಿತು. ಆದರೂ ಭಗತ್ ಸಿಂಗ್ ಹೆಸರಿನಲ್ಲಿ ತೆನೆ ಕಟ್ಟುವ ಪೈರು ಕೊಯ್ಯುವುದನ್ನು ನಮ್ಮ ಕಡೆಯ ಯಾವ ಒಕ್ಕಲಿಗನೂ ಶುಭವೆಂದು ಭಾವಿಸಲಾರ.

ಕಷ್ಟಕಾಲದಲ್ಲಿ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು ಎಂಬ ವಿವೇಕ ಹಳ್ಳಿಗಳಿಗೆ ಹೊಸತಲ್ಲ. ನಮ್ಮ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು ಜಾತ್ರೆಯ ಮಾತಾಡುವುದನ್ನು ಕೇಳಿದ್ದೇನೆ. ತೇರು ಎಳೆಯುವುದನ್ನು ಬಿಡುವ ಮಾತೇ ಬರುವುದಿಲ್ಲ. ನಾಟಕ ಬೇಡ, ಪಟಾಕಿ ಬೇಡ, ಪರಸ್ಥಳದ ವಾದ್ಯದವರು ಬೇಡ, ಊರವರೇ ಡೊಳ್ಳು ಬಾರಿಸಲಿ, ಪಟ್ಟಿಯ ಹಣವನ್ನು ಅರ್ಧ ಮಾಡಿ ಎಂದು ತೀರ್ಮಾನವಾಗುತ್ತದೆ. ದೇವರಿಗೆ ಕೊರತೆಯಾಯಿತೆಂದು ಯಾರೂ ಅಳುವುದಿಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಫೆಬ್ರುವರಿಯಲ್ಲಿ ಸಂತ ಸೇವಾಲಾಲರ ಜಯಂತಿಗೆ ಬರುವ ಬಂಜಾರರಲ್ಲಿ ಎಷ್ಟೋ ಮಂದಿ ಇಂದಿಗೂ ದೂರದೂರಿಂದ ನಡೆದೇ ಬರುತ್ತಾರೆ. ಅವರ ಸಂಭ್ರಮ ಯಾರ ಬಿಲ್ಲಿನಲ್ಲಿಯೂ ಕಾಣಿಸುವುದಿಲ್ಲ.

ಸರ್ಕಾರಕ್ಕೂ ಇದು ತಿಳಿಯದ್ದೇನಲ್ಲ. 2023ರ ಬರದಲ್ಲಿ ಮೈಸೂರು ದಸರೆಯನ್ನು ಅದ್ಧೂರಿ ಬಿಟ್ಟು ಸಾಂಪ್ರದಾಯಿಕವಾಗಿ ನಡೆಸುವ ಮಾತಾಯಿತು. ಹಂಪಿ ಉತ್ಸವವನ್ನು 2024ರ ಫೆಬ್ರುವರಿಗೆ ಮುಂದೂಡಲಾಯಿತು. 2021ರ ಆಗಸ್ಟಿನಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಅಧಿಕೃತ ಸಮಾರಂಭಗಳಲ್ಲಿ ಹಾರ, ತುರಾಯಿ, ಹಣ್ಣಿನ ಬುಟ್ಟಿ ಬೇಡವೆಂದು ಸುತ್ತೋಲೆ ಹೊರಡಿಸಿತು. 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯ ಹೂವು, ಶಾಲು ಬೇಡ, ಪುಸ್ತಕ ಕೊಡಿ ಎಂದರು. ಎರಡು ಪಕ್ಷಗಳ ಇಬ್ಬರು ಮುಖ್ಯಮಂತ್ರಿಗಳು ಒಂದೇ ಮಾತು ಹೇಳಿದ ಅಪರೂಪದ ಉದಾಹರಣೆ ಇದು. ಸುತ್ತೋಲೆಯ ಗತಿ ಏನಾಯಿತೆಂಬುದು ಯಾವುದೇ ಸಚಿವರು ಜಿಲ್ಲೆಗೆ ಬಂದ ದಿನ ಪ್ರವಾಸಿ ಮಂದಿರದ ಅಂಗಳದಲ್ಲಿ ರಾಶಿ ಬಿದ್ದ ಹಾರಗಳನ್ನು ನೋಡಿದರೆ ಗೊತ್ತಾಗುತ್ತದೆ. ಹೊರಗೆ, 1945ರ ಜನವರಿಯಲ್ಲಿ ಯುದ್ಧ ನಡೆಯುತ್ತಿದ್ದಾಗ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ನಾಲ್ಕನೆಯ ಬಾರಿ ಪ್ರಮಾಣವಚನ ಸ್ವೀಕರಿಸಿದ್ದು ಮೆರವಣಿಗೆಯಿಲ್ಲದೆ, ಶ್ವೇತಭವನದ ಹಿಂಬದಿಯ ಮೊಗಸಾಲೆಯಲ್ಲಿ. ಅವರ ಅಧಿಕಾರ ಅದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ನಾನು ಕೇಳುವುದು ಹೆಚ್ಚೇನಲ್ಲ. ಪ್ರಮಾಣವಚನ ಬಯಲಿನಲ್ಲೇ ನಡೆಯಲಿ, ಜನ ಬರಲಿ, ಊರೂರಿಂದ ಬಂದವರಿಗೆ ನೀರು ನೆರಳು ಇರಲಿ. ಹೊರರಾಜ್ಯದ ನಾಯಕರು ಬಂದರೆ ಸರ್ಕಾರದ ಅತಿಥಿಗೃಹಗಳಿವೆ. ಅದು ಸಾಲದೆನಿಸಿದರೆ ಆಹ್ವಾನಿಸಿದ ಪಕ್ಷ ಹೋಟೆಲಿನ ಬಿಲ್ಲು ಕಟ್ಟಲಿ. ಖರ್ಚಾದ ಹಣ ಎಷ್ಟು, ಯಾವ ಲೆಕ್ಕಶೀರ್ಷಿಕೆಯಿಂದ ಬಂತು ಎಂಬುದನ್ನು ಯಾವ ನಾಗರಿಕನೂ ಹತ್ತು ರೂಪಾಯಿಯ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯದಂತೆ ಸರ್ಕಾರ ತಾನಾಗಿಯೇ ಪ್ರಕಟಿಸಲಿ. ಬರ ಘೋಷಣೆಯಾದ ವರ್ಷದಲ್ಲಿ ಸರ್ಕಾರದ ಯಾವುದೇ ವಿಜಯೋತ್ಸವ, ವರ್ಷಾಚರಣೆ, ಸಾಧನಾ ಸಮಾವೇಶಗಳ ಬಿಲ್ಲನ್ನು ರೈತರ ಪರಿಹಾರದ ಮೊದಲ ಕಂತು ಖಾತೆಗಳಿಗೆ ಬೀಳುವವರೆಗೆ ಖಜಾನೆ ಪಾವತಿ ಮಾಡದಿರಲಿ. ಈ ಕೊನೆಯದಕ್ಕೆ ಹೊಸ ಕಾನೂನು ಬೇಕಿಲ್ಲ, ಆರ್ಥಿಕ ಇಲಾಖೆಯ ಒಂದು ಪುಟದ ಸುತ್ತೋಲೆ ಸಾಕು. ಮಳೆ ಆಶ್ರಿತ ಬೆಳೆ ಸಂಪೂರ್ಣ ಹೋದ ಹೆಕ್ಟೇರಿಗೆ ಕೇಂದ್ರದ ಮಾರ್ಗಸೂಚಿ ನಿಗದಿಪಡಿಸಿದ್ದು 8,500 ರೂಪಾಯಿ. 2023ರ ಮುಂಗಾರಿನಲ್ಲಿ ಮೆಕ್ಕೆಜೋಳ ಒಣಗಿಸಿಕೊಂಡವರು ಆ ಹಣಕ್ಕಾಗಿ ಮುಂದಿನ ಬೇಸಿಗೆಯವರೆಗೆ ಕಾದರು.