ಬೆಲ್ಲ ಯಾಕೆ ಗಟ್ಟಿ ಆಗಲಿಲ್ಲ?

ಗೆಳೆಯರೇ, ಕಿರುಪರೀಕ್ಷೆಯಲ್ಲಿ ಬಂದಿದ್ದ ಪ್ರಶ್ನೆ ನೆನಪಿದೆಯೇ? ‘ಕಬ್ಬಿನ ಹಾಲು ಬೆಲ್ಲವಾಗುವುದು ಭೌತ ಬದಲಾವಣೆಯೋ, ರಾಸಾಯನಿಕ ಬದಲಾವಣೆಯೋ?’ ಅರ್ಧ ಮಂದಿ ಅದನ್ನು ಬರೆದೆವು, ಅರ್ಧ ಮಂದಿ ಇದನ್ನು. ನಾನು ‘ಭೌತ’ ಎಂದು ಬರೆದೆ, ಅಂಕವೂ ಬಂತು. ಆದರೆ ಮೂಡಲಗಿ ಹತ್ತಿರ ನಮ್ಮ ಮಾಮಾನ ಗಾಣಕ್ಕೆ ಹೋಗಿ ಬಂದ ಮೇಲೆ ನನ್ನ ಉತ್ತರ ಅರ್ಧವೇ ಸರಿ ಅನಿಸಿತು.

ವಸ್ತುವಿನ ಆಕಾರ, ಗಾತ್ರ, ಸ್ಥಿತಿ ಬದಲಾಗಿ ವಸ್ತು ಅದೇ ಆಗಿ ಉಳಿದರೆ ಅದು ಭೌತ ಬದಲಾವಣೆ. ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮುಕಿ ನೊರೆಯಾಗುತ್ತದೆ, ತುಂತುರಾಗುತ್ತದೆ. ಆದರೂ ನೀರು ನೀರೇ. ಬೇರೆಯದೇ ಹೊಸ ವಸ್ತು ಹುಟ್ಟಿದರೆ ಅದು ರಾಸಾಯನಿಕ ಬದಲಾವಣೆ.

‘ಹಿಂದಕ್ಕೆ ತರಬಹುದಾದರೆ ಭೌತ, ಇಲ್ಲದಿದ್ದರೆ ರಾಸಾಯನಿಕ’ ಎಂದು ನಾವು ಬಾಯಿಪಾಠ ಮಾಡಿದ್ದೇವೆ. ಈ ಗುರುತು ಎಲ್ಲ ಕಡೆ ನಡೆಯುವುದಿಲ್ಲ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಕಡೆಯ ಮೆಣಸಿನಕಾಯಿ ಕುಟ್ಟಿ ಖಾರಪುಡಿ ಮಾಡಿದರೆ, ಅದನ್ನು ಮತ್ತೆ ಕಾಯಿ ಮಾಡಲು ಯಾರಿಂದಲೂ ಆಗದು. ಆದರೂ ಕುಟ್ಟುವುದು ಭೌತ ಬದಲಾವಣೆಯೇ. ಅದೇ ಹಸಿರು ಕಾಯಿ ಗಿಡದಲ್ಲಿ ಹಣ್ಣಾಗಿ ಕೆಂಪಾಗುವುದು ರಾಸಾಯನಿಕ. ಬಹಳ ದಿನ ಬಿಸಿಲಿಗೆ ಬಿಟ್ಟ ಕಾಯಿ ಬಿಳಚುವುದೂ ರಾಸಾಯನಿಕವೇ.

ಈಗ ಗಾಣಕ್ಕೆ ಬರೋಣ. 100 ಕಿಲೋ ಕಬ್ಬಿನ ಹಾಲಿನಲ್ಲಿ ಸುಮಾರು 80 ಕಿಲೋ ನೀರೇ ಇರುತ್ತದೆ. ದೊಡ್ಡ ಕಡಾಯಿಯಲ್ಲಿ ಕುದಿಸಿದಾಗ ನೀರು ಉಗಿಯಾಗಿ ಹೋಗುತ್ತದೆ, ಸಕ್ಕರೆ ಉಳಿಯುತ್ತದೆ. ಇದು ಭೌತ. ಬೆಂಡಿಗಿಡದ ಲೋಳೆ ಹಾಕಿದರೆ ಕಸರು ಮೇಲೆ ತೇಲಿ ಬರುತ್ತದೆ, ಅದನ್ನು ತೆಗೆದು ಚೆಲ್ಲುತ್ತಾರೆ. ಆದರೆ ಸುಣ್ಣ ಹಾಕುತ್ತಾರಲ್ಲ, ಅದು ಹಾಲಿನಲ್ಲಿರುವ ಆಮ್ಲದ ಜೊತೆ ಸೇರಿ ಲವಣವಾಗುತ್ತದೆ. ಅದು ರಾಸಾಯನಿಕ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಳಿಸುತ್ತಾರೆ. ಅಲ್ಲಿ ಥರ್ಮಾಮೀಟರ್ ಇಲ್ಲ. ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳಿನಲ್ಲಿ ಉಂಡೆಯಾಗುತ್ತದೋ ಇಲ್ಲವೋ ನೋಡುತ್ತಾರೆ, ಅಷ್ಟೇ.

ಕಳೆದ ವರ್ಷ ಮಾಮಾನ ಕಬ್ಬು ಕಡಿದಾಗ ಟ್ರ್ಯಾಕ್ಟರ್ ಸಿಗಲಿಲ್ಲ. ಕಬ್ಬು ಹೊಲದಲ್ಲೇ ಐದು ದಿನ ಬಿಸಿಲಿಗೆ ಬಿತ್ತು. ಆಮೇಲೆ ಎಷ್ಟು ಕುದಿಸಿದರೂ ಬೆಲ್ಲ ಪೆಂಟೆ ಆಗಲಿಲ್ಲ. ಮೆತ್ತಗೆ, ಅಂಟಂಟಾಗಿ ಉಳಿಯಿತು. ಪೇಟೆಯಲ್ಲಿ ದರ ಬರಲಿಲ್ಲ. ಒತ್ತೆ ಇಟ್ಟಿದ್ದ ಅತ್ತಿಯ ಪಾಟ್ಲಿ ಬಿಡಿಸಲು ಆಗಲಿಲ್ಲ. ಪಾಕ ಸರಿಯಾಗಿ ನೋಡಲಿಲ್ಲವೆಂದು ಮಾಮಾ ಒಲೆಯ ಮುಂದಿದ್ದ ಮುದುಕಪ್ಪನನ್ನು ಎಲ್ಲರೆದುರು ಬೈದಿದ್ದ. ಆ ಅಜ್ಜ ಒಂದೇ ಮಾತು ಅಂದ: “ತಪ್ಪ ನಂದಲ್ಲೋ ಗೌಡಾ, ಕಬ್ಬ ಹೊಲದಾಗ ಕೆಟ್ಟೈತಿ.”

ಅಜ್ಜ ಹೇಳಿದ್ದೇ ಖರೆ. ನಮ್ಮ ವಿಜ್ಞಾನ ಸರ್ ಅವರನ್ನು ಕೇಳಿದಾಗ ಹೀಗೆ ತಿಳಿಸಿದರು: ಕಡಿದ ಕಬ್ಬಿನಲ್ಲಿ ಇನ್ವರ್ಟೇಸ್ ಎಂಬ ಕಿಣ್ವ ಕೆಲಸ ಮಾಡುತ್ತದೆ. ಸುಕ್ರೋಸಿನ ಒಂದು ಅಣು ನೀರಿನ ಒಂದು ಅಣುವಿನ ಜೊತೆ ಸೇರಿ, ಗ್ಲುಕೋಸಿನ ಒಂದು ಅಣು ಮತ್ತು ಫ್ರಕ್ಟೋಸಿನ ಒಂದು ಅಣು ಆಗಿ ಒಡೆಯುತ್ತದೆ. ಇವೂ ಸಿಹಿಯೇ. ಹಾಗಾಗಿ ನಾಲಿಗೆಗೆ ಮೋಸ ಗೊತ್ತಾಗುವುದಿಲ್ಲ. ಆದರೆ ಇವು ಹೆಚ್ಚಾದರೆ ಸುಕ್ರೋಸ್ ಹರಳುಗಟ್ಟುವುದಕ್ಕೆ ಅಡ್ಡಿಯಾಗುತ್ತದೆ, ಬೆಲ್ಲ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಬಣ್ಣ ಬದಲಾಗದೆ, ಹೊಗೆ ಏಳದೆ, ಹೊರಗೆ ಏನೂ ಕಾಣದೆ ಹೊಲದಲ್ಲೇ ರಾಸಾಯನಿಕ ಬದಲಾವಣೆ ನಡೆದುಹೋಗಿತ್ತು. ಕಡಾಯಿ ಒಲೆಯ ಮೇಲೆ ಏರುವ ಮೊದಲೇ!

ಇದನ್ನು ಮಾಮಾನಿಗೆ ಪಾಟಿಯ ಮೇಲೆ ಬರೆದು ತೋರಿಸಿದೆ. ಬಹಳ ಹೊತ್ತು ಸುಮ್ಮನಿದ್ದ. “ಹಂಗಾದ್ರ ಅಜ್ಜಂದ ತಪ್ಪ ಇರಲಿಲ್ಲ ಬಿಡು,” ಅಂದ.

ಈ ಸಲ ಟ್ರ್ಯಾಕ್ಟರ್ ಗೊತ್ತು ಮಾಡಿಕೊಂಡೇ ಕಬ್ಬಿಗೆ ಕುಡಗೋಲು ಹಚ್ಚಿದರು. ಕಡಿದದ್ದನ್ನು ಮರುದಿನವೇ ಅರೆದರು. ಪಾಕ ನೋಡಲು ಅದೇ ಅಜ್ಜನನ್ನು ಮಾಮಾ ತಾನೇ ಹೋಗಿ ಕರೆದುಕೊಂಡು ಬಂದ. ಪೆಂಟೆ ಕಲ್ಲಿನಂತೆ ಕೂತಿತು. ಕರದಂಟಿಗೂ ಇಂಥ ಬೆಲ್ಲವೇ ಚಲೋ ಎಂದು ಅತ್ತಿ ಹೇಳಿದಳು. ಪ್ರಯೋಗಕ್ಕೆಂದು ಒಂದು ತುಂಡು ಶಾಲೆಗೆ ತಂದಿದ್ದೆ. ಅರ್ಧ ನೀರಿನಲ್ಲಿ ಕರಗಿಸಿ ತೋರಿಸಿದೆ, ಉಳಿದರ್ಧ ಆಟದ ಬಿಡುವಿನಲ್ಲಿ ನಮ್ಮ ಹೊಟ್ಟೆಯಲ್ಲಿ ರಾಸಾಯನಿಕ ಬದಲಾವಣೆಗೆ ಹೋಯಿತು.