ಕಪ್ಪತಗುಡ್ಡದ ಗಾಳಿಯೂ ಗೇಟಿನ ರೋಧಕವೂ

ಬಿಂಕದಕಟ್ಟಿಯ ಬಳಿಯಲ್ಲಿ ತಲೆಯೆತ್ತಿ, ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಹೊಲಗಳ ನಡುವೆ ಆಗ್ನೇಯಾಭಿಮುಖವಾಗಿ ಸಾಗಿ, ತುಂಗಭದ್ರೆಯ ದಡದ ಸಿಂಗಟಾಲೂರಿನ ಸಮೀಪದಲ್ಲಿ ಇಳಿದು ಮುಗಿಯುವ ಕಪ್ಪತಗುಡ್ಡವನ್ನು ಹಿಂದಿನವರು ಅದರ ಔಷಧಿಸಸ್ಯಗಳಿಗಾಗಿಯೂ ಹೊನ್ನಿನ ಅದಿರಿಗಾಗಿಯೂ ಹೆಸರಿಸುತ್ತಿದ್ದರು. ಈಗ ಆ ಕಡೆಗೆ ಹೋದವರ ಕಣ್ಣಿಗೆ ಮೊದಲು ಬೀಳುವುವು ಸಾಲುಗಟ್ಟಿ ನಿಂತ ಪವನಯಂತ್ರಗಳು. ಕರ್ನಾಟಕ ವಿದ್ಯುತ್ ನಿಗಮವು ಕಳೆದ ಶತಮಾನದ ಕೊನೆಯ ದಶಕದಲ್ಲಿ ಇಲ್ಲಿ ನಿಲ್ಲಿಸಿದ ಯಂತ್ರಗಳು ಒಂದೊಂದೂ 225-230 ಕಿಲೋವ್ಯಾಟಿನಷ್ಟರವು. ಆ ತರದವು ಒಂದೆರಡು ನಿಗದಿಯಾದ ವೇಗಗಳಲ್ಲಿ ಮಾತ್ರ ತಿರುಗಿ, ಹುಟ್ಟಿದ ವಿದ್ಯುತ್ತನ್ನು ನೇರವಾಗಿ ತಂತಿಗೆ ಕೊಡುತ್ತಿದ್ದುವು. ಅನಂತರ ಬಂದ ದೊಡ್ಡ ಯಂತ್ರಗಳಾದರೋ ಗಾಳಿಯ ಇಚ್ಛೆಯನ್ನನುಸರಿಸಿ ವೇಗವನ್ನು ಬದಲಿಸಿಕೊಳ್ಳತಕ್ಕವು. ಹಾಗೆ ಏರುಪೇರಾಗಿ ಹುಟ್ಟಿದ ವಿದ್ಯುತ್ತನ್ನು 50 ಹರ್ಟ್ಸಿನ ಶಿಸ್ತಿಗೆ ತರುವ ಕೆಲಸ ಪರಿವರ್ತಕವೆಂಬ ಪೆಟ್ಟಿಗೆಯದು. ಆ ಪೆಟ್ಟಿಗೆಯೊಳಗಿನ, ಬೆರಳುಗುರಿಗಿಂತಲೂ ಚಿಕ್ಕದಾದ, ಕೆಲವೇ ರೂಪಾಯಿಗಳ ಬೆಲೆಯ ರೋಧಕವನ್ನು ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಪರಿವರ್ತಕದಲ್ಲಿ ಸಾವಿರ ಆಂಪಿಯರಿನ ಪ್ರವಾಹವನ್ನು ಕ್ಷಣಕ್ಷಣಕ್ಕೂ ಕಡಿದು ಕೂಡಿಸುವ ಟ್ರಾನ್ಸಿಸ್ಟರಿಗೆ ಐ.ಜಿ.ಬಿ.ಟಿ. ಎಂದು ಹೆಸರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ 1980ರ ಸುಮಾರಿನ ವರ್ಷಗಳಲ್ಲಿ ಇದನ್ನು ರೂಪಿಸಿದವರು ಬಂಟ್ವಾಳ ಜಯಂತ ಬಾಳಿಗರು. ಬೆಂಗಳೂರಿನ ಹೊರವಲಯದ ಜಾಲಹಳ್ಳಿಯಲ್ಲಿ ಬಾಲ್ಯವನ್ನು ಕಳೆದು, ಮದರಾಸಿನ ಐ.ಐ.ಟಿ.ಯಲ್ಲಿ 1969ರಲ್ಲಿ ಪದವಿ ಪಡೆದವರು. 2024ರ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಸಂದದ್ದು ಈ ಆವಿಷ್ಕಾರಕ್ಕಾಗಿಯೇ. ನಮ್ಮ ನಾಡಿನ ಹೆಸರೊಂದು ನಮ್ಮದೇ ಗುಡ್ಡದ ನೆತ್ತಿಯ ಯಂತ್ರಗಳಲ್ಲಿ ಅಡಗಿ ಕುಳಿತಿರುವುದನ್ನು ಬಲ್ಲವರು ಎಷ್ಟು ಮಂದಿಯೋ!

ಈ ಟ್ರಾನ್ಸಿಸ್ಟರಿಗೆ ಆಜ್ಞೆ ಹೋಗುವುದು ಗೇಟೆಂಬ ದ್ವಾರದಿಂದ. ಆ ಗೇಟು ವಸ್ತುತಃ ಒಂದು ಕೆಪಾಸಿಟರು. ಅದಕ್ಕೆ ವಿದ್ಯುದಾವೇಶವನ್ನು ತುಂಬಿದರೆ ಟ್ರಾನ್ಸಿಸ್ಟರು ತೆರೆಯುತ್ತದೆ, ಹೊರಗೆಳೆದರೆ ಮುಚ್ಚುತ್ತದೆ. ತುಂಬುವ ಮತ್ತು ಎಳೆಯುವ ರಭಸವನ್ನು ಹದದಲ್ಲಿಡಲು ದಾರಿಯಲ್ಲಿ ನಿಂತಿರುವುದೇ ಗೇಟ್ ರೋಧಕ. ಅದು ಎಷ್ಟು ಓಮಿನದಾಗಿರಬೇಕೆಂಬುದನ್ನು ಎಲ್ಲರೂ ಚರ್ಚಿಸುತ್ತಾರೆ. ಎಷ್ಟು ವ್ಯಾಟಿನದಾಗಿರಬೇಕೆಂಬುದನ್ನು ಬಹುಮಂದಿ ಅಂದಾಜಿಗೆ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಎರಡನೆಯ ಪ್ರಶ್ನೆಯೇ ಹೆಚ್ಚು ಸ್ವಾರಸ್ಯದ್ದು.

ಏಕೆಂದರೆ ಇಲ್ಲಿ ವ್ಯಯವಾಗುವ ಒಟ್ಟು ಶಕ್ತಿಗೂ ಓಮಿನ ಸಂಖ್ಯೆಗೂ ಸಂಬಂಧವೇ ಇಲ್ಲ. ಒಂದು ಹರಿವಿಯನ್ನು ದಪ್ಪ ಕೊಳವೆಯಿಂದ ತುಂಬಿದರೂ ಸಣ್ಣ ಕೊಳವೆಯಿಂದ ತುಂಬಿದರೂ ಬೀಳುವ ನೀರು ಅಷ್ಟೇ ತಾನೆ? ಗೇಟಿನ ಆವೇಶವನ್ನು ವೋಲ್ಟೇಜಿನ ಏರಿಳಿತದಿಂದ ಗುಣಿಸಿ, ಅದನ್ನು ಮತ್ತೆ ಸೆಕೆಂಡಿಗೆ ಎಷ್ಟು ಬಾರಿ ಈ ಕ್ರಿಯೆ ನಡೆಯುವುದೋ ಆ ಸಂಖ್ಯೆಯಿಂದ ಗುಣಿಸಿದರೆ ಸರಾಸರಿ ವ್ಯಾಟು ದೊರೆಯುತ್ತದೆ. ದೊಡ್ಡದೊಂದು ಐ.ಜಿ.ಬಿ.ಟಿ. ಘಟಕದ ಗೇಟಿಗೆ 10 ಮೈಕ್ರೋಕೂಲಂಬಿನಷ್ಟು ಆವೇಶ ಬೇಕೆನ್ನೋಣ. ವೋಲ್ಟೇಜು ಋಣ 15ರಿಂದ ಧನ 15ರವರೆಗೆ, ಎಂದರೆ 30 ವೋಲ್ಟಿನಷ್ಟು ತೂಗಾಡಲಿ. ಸೆಕೆಂಡಿಗೆ 2,500 ಬಾರಿ ತೆರೆದು ಮುಚ್ಚಲಿ. ಲೆಕ್ಕ ಮುಕ್ಕಾಲು ವ್ಯಾಟಿಗೆ ಬರುತ್ತದೆ. ಘಟಕದ ಒಳಗೇ 1.5 ಓಮಿನ ರೋಧವಿದ್ದು, ಹೊರಗೂ ಅಷ್ಟನ್ನೇ ಇಟ್ಟರೆ, ಹೊರಗಿನದರ ಪಾಲು ಅದರಲ್ಲಿ ಅರ್ಧ: 0.375 ವ್ಯಾಟು. ತೆರೆಯುವುದಕ್ಕೊಂದು, ಮುಚ್ಚುವುದಕ್ಕೊಂದು ಎಂದು ಎರಡು ಬೇರೆ ರೋಧಕಗಳನ್ನು ಹಾಕಿದ್ದರೆ ಈ ಪಾಲೂ ಇಬ್ಭಾಗವಾಗುತ್ತದೆ.

ಹಾಗಾದರೆ ಅರ್ಧ ವ್ಯಾಟಿನದೊಂದನ್ನು ತಂದು ಬೆಸುಗೆ ಹಾಕಿದರೆ ತೀರಿತಲ್ಲ ಎನ್ನುವವನು ಎರಡು ಸಂಗತಿಗಳನ್ನು ಮರೆತಿರುತ್ತಾನೆ. ತಯಾರಕರು ಮುದ್ರಿಸುವ ವ್ಯಾಟು ಸಾಮಾನ್ಯವಾಗಿ ಸುತ್ತಣ ಉಷ್ಣ 70 ಡಿಗ್ರಿಯನ್ನು ಮೀರದಿರುವಾಗಿನ ಮಾತು. ಅಲ್ಲಿಂದ ಮೇಲೆ ಅದು ಇಳಿಯುತ್ತ ಹೋಗಿ, 155 ಡಿಗ್ರಿಯಲ್ಲಿ ಸೊನ್ನೆಯಾಗುವ ರೋಧಕವಾದರೆ 100 ಡಿಗ್ರಿಯಲ್ಲಿ ಒಂದು ವ್ಯಾಟಿನದು 0.65 ವ್ಯಾಟಿನದಾಗಿ ಉಳಿಯುತ್ತದೆ. ಮುಂಡರಗಿಯ ಬಿಸಿಲು ಬೇಸಗೆಯಲ್ಲಿ 40 ಡಿಗ್ರಿಯ ಹತ್ತಿರ ಸುಳಿದಾಡುತ್ತಿರಲು, ಮುಚ್ಚಿದ ಪೆಟ್ಟಿಗೆಯೊಳಗೆ, ಕಾದ ಘಟಕದ ಮಗ್ಗುಲಲ್ಲಿ ಎಷ್ಟಿರಬಹುದೆಂಬುದನ್ನು ಊಹಿಸಿಕೊಳ್ಳಬಹುದು. ಗಾಳಿ ಬಲವಾಗಿರುವುದು ಮುಂಗಾರಿನಲ್ಲಲ್ಲವೆ, ಬೇಸಗೆಯಲ್ಲಿ ಯಂತ್ರಕ್ಕೆ ಕೆಲಸ ಕಡಿಮೆಯಲ್ಲವೆ ಎಂದು ಯಾರಾದರೂ ಕೇಳಿಯಾರು. ಆದರೆ ಗೇಟಿನ ದುಡಿಮೆಗೆ ಗಾಳಿಯ ಹಂಗಿಲ್ಲ. ಯಂತ್ರವು ಪೂರ್ಣ ಸಾಮರ್ಥ್ಯದಲ್ಲಿ ತಿರುಗಿದರೂ ಅರೆಮನಸ್ಸಿನಿಂದ ತಿರುಗಿದರೂ, ಪರಿವರ್ತಕ ಎಚ್ಚರವಾಗಿರುವಷ್ಟು ಹೊತ್ತು ಈ ರೋಧಕಕ್ಕೆ ಅದೇ ಕಾವು.

ಎರಡನೆಯದು ಇನ್ನೂ ಗಹನವಾದುದು. ಮೇಲಿನ ಉದಾಹರಣೆಯಲ್ಲೇ ಗೇಟು ತುಂಬತೊಡಗುವ ಮೊದಲ ಕ್ಷಣದಲ್ಲಿ ಹರಿಯುವ ಪ್ರವಾಹ 10 ಆಂಪಿಯರು. ಆ ಗಳಿಗೆಗೆ 1.5 ಓಮಿನ ರೋಧಕದ ಮೇಲೆ ಬೀಳುವ ಹೊರೆ 150 ವ್ಯಾಟು! ಸುಮಾರು ಒಂದು ಮೈಕ್ರೋಸೆಕೆಂಡಿನಲ್ಲಿ ಅದು ಇಳಿದುಹೋಗುವುದಾದರೂ, ಇಂಥ ಪೆಟ್ಟುಗಳು ಸೆಕೆಂಡಿಗೆ ಸಾವಿರಗಟ್ಟಲೆ, ವರ್ಷಾನುವರ್ಷ ಬೀಳುತ್ತಿರುತ್ತವೆ. ಸರಾಸರಿಯಲ್ಲಿ ತಣ್ಣಗೆ ಕಾಣುವ ಸಾಧಾರಣ ಚಿಪ್ ರೋಧಕದ ತೆಳುಪದರವು ಇದರಿಂದ ಕ್ರಮೇಣ ಜರ್ಝರಿತವಾಗಿ ತನ್ನ ಓಮನ್ನು ಬದಲಿಸಿಕೊಳ್ಳುತ್ತದೆ, ಕೊನೆಗೆ ಕಡಿದುಹೋಗುತ್ತದೆ. ತಂತಿ ಸುತ್ತಿದ ರೋಧಕ ಪೆಟ್ಟನ್ನು ಸಹಿಸಬಲ್ಲುದು. ಆದರೆ ಅದರ ಸುರುಳಿಯ ಪ್ರೇರಕತೆ ಗೇಟನ್ನು ಕಂಪಿಸುವಂತೆ ಮಾಡುವುದರಿಂದ ಇಲ್ಲಿಗೆ ಸಲ್ಲದು. ಆದುದರಿಂದ ಬಲ್ಲವರು ಸ್ಪಂದನವನ್ನು ತಾಳುವ ಸಿಲಿಂಡರಾಕೃತಿಯ ಮೆಲ್ಫ್ ಜಾತಿಯವನ್ನು ಆರಿಸಿ, ಲೆಕ್ಕಕ್ಕೆ ಬಂದುದರ ಎರಡರಷ್ಟಾದರೂ ವ್ಯಾಟನ್ನಿಟ್ಟು, ಒಂದೇ ದೊಡ್ಡದರ ಬದಲಿಗೆ ಮೂರುನಾಲ್ಕು ಚಿಕ್ಕವನ್ನು ಸಮಾಂತರವಾಗಿ ಜೋಡಿಸುತ್ತಾರೆ.

ಎಲ್ಲೆಡೆಯೂ ಇಷ್ಟು ಆಡಂಬರ ಬೇಕೆಂದಲ್ಲ. ಗದಗ-ಬೆಟಗೇರಿಯಲ್ಲಾಗಲಿ ಲಕ್ಷ್ಮೇಶ್ವರದಲ್ಲಾಗಲಿ ಮನೆಗಳಲ್ಲಿರುವ ಬ್ಯಾಟರಿ ಇನ್ವರ್ಟರಿನೊಳಗಿನ ಮಾಸ್ಫೆಟ್ಟೆಂಬ ಚಿಕ್ಕ ಟ್ರಾನ್ಸಿಸ್ಟರಿಗೆ 150 ನ್ಯಾನೋಕೂಲಂಬು ಆವೇಶ, 12 ವೋಲ್ಟು, ಸೆಕೆಂಡಿಗೆ 20,000 ಬಾರಿಯೆಂದು ಧಾರಾಳವಾಗಿ ಲೆಕ್ಕ ಹಾಕಿದರೂ ಬರುವುದು 0.036 ವ್ಯಾಟು. ದುರಸ್ತಿಯವನು ಡಬ್ಬಿಯಿಂದ ಕಾಲು ವ್ಯಾಟಿನದನ್ನು ಹೆಕ್ಕಿ ಹಾಕಿದರೆ ಅದು ಸರಿಯೇ. ಅವನ ಕೈವಾಡಿಕೆಗೂ ಗಣಿತಕ್ಕೂ ಅಲ್ಲಿ ವೈಮನಸ್ಯವಿಲ್ಲ.

ಗುಡ್ಡದ ಮೇಲಿನ ಯಂತ್ರದಲ್ಲಿ ಮಾತ್ರ ಈ ಔದಾರ್ಯಕ್ಕೆ ಎಡೆಯಿಲ್ಲ. ಅಲ್ಲಿ ರೋಧಕ ಕಡಿದುಹೋದರೆ ಗೇಟು ಒಡೆಯನಿಲ್ಲದೆ ತೇಲತೊಡಗುತ್ತದೆ; ಇದರ ಜೋಡಿಯಾಗಿ ನಿಂತ ಪಕ್ಕದ ಟ್ರಾನ್ಸಿಸ್ಟರು ತೆರೆದಾಗಿನ ವೋಲ್ಟೇಜಿನ ರಭಸವು ಒಳಗಿನ ಧಾರಕತೆಯ ಮೂಲಕ ನುಸುಳಿ ಇದನ್ನೂ ತೆರೆದುಬಿಡಬಹುದು. ಎರಡೂ ಏಕಕಾಲದಲ್ಲಿ ತೆರೆದುಕೊಂಡರೆ ಪರಿವರ್ತಕದ ದೊಡ್ಡ ಕೆಪಾಸಿಟರುಗಳಲ್ಲಿ ಸಂಚಿತವಾದ ಶಕ್ತಿಯೆಲ್ಲ ಅವುಗಳ ಮೂಲಕವೇ ಹರಿದು, ಬೆಲೆಬಾಳುವ ಘಟಕ ಸಿಡಿಯುತ್ತದೆ. ಗೇಟಿಗೂ ಟ್ರಾನ್ಸಿಸ್ಟರಿನ ಎಮಿಟರೆಂಬ ತುದಿಗೂ ನಡುವೆ, ಘಟಕದ ತುದಿಗಳಲ್ಲೇ, 10 ಕಿಲೋಓಮಿನ ಇನ್ನೊಂದು ರೋಧಕವನ್ನು ಕಾವಲಿಗೆ ಕೂಡಿಸುವ ಪದ್ಧತಿ ಬಂದುದು ತೇಲುವ ಗೇಟನ್ನು ಕೆಳಗಿಳಿಸುವುದಕ್ಕೆ; ಆದರೆ ಅದು ನಿಂತ ಯಂತ್ರದ ಗೇಟನ್ನು ಸುಮ್ಮನಿರಿಸಬಲ್ಲುದೇ ಹೊರತು, ಓಡುವ ಯಂತ್ರದ ಆ ರಭಸವನ್ನು ಒಬ್ಬಂಟಿಯಾಗಿ ತಡೆಯಲಾರದು. ಸಮಾಂತರವಾಗಿ ನಾಲ್ಕಿದ್ದು ಒಂದು ಹೋದಲ್ಲಿಯಾದರೋ ಉಳಿದ ಮೂರು ಗೇಟಿನ ಹಿಡಿತವನ್ನು ಬಿಡವು. ಟ್ರಾನ್ಸಿಸ್ಟರು ತುಸು ನಿಧಾನವಾಗಿ ತೆರೆದು, ತುಸು ಹೆಚ್ಚು ಕಾಯ್ದು, ಮುಂದಿನ ತಪಾಸಣೆಯವರೆಗೆ ನಡೆಯುತ್ತದೆ.